ನೊಣ ತಿನ್ನುವ ದೇವದೂತ



ಇವತ್ತು ನಾನು ಪರಿಚಯಿಸಲಿರುವ ದೇವದೂತ ಸತ್ತ ನೊಣಗಳನ್ನು ತಿನ್ನುತ್ತಾನೆ. ಮೈತುಂಬ ಧೂಳು, ತಲೆಗೂದಲಲ್ಲಿ ಜೇಡರ ಬಲೆ, ಬಾಯಿ ತೆರೆದರೆ ದುರ್ವಾಸನೆ, ಕೀಲುಕೀಲಿನಲ್ಲೂ ಸಂಧಿವಾತ. ಮಾತಾಡಿಸಹೋದರೆ ಸಿಡುಕುತ್ತಾನೆ. ಅವನು ನಿಜಕ್ಕೂ ದೇವದೂತನೋ ಅಲ್ಲವೋ ಎಂದು ಪುಸ್ತಕ ಕೊನೆಯವರೆಗೂ ಬಾಯಿ ಬಿಡುವುದಿಲ್ಲ. ನಾನು ಅನುಕೂಲಕ್ಕೆ ಹಾಗೆ ಕರೆದೆ. ಅವನ ಹೆಸರು ಸ್ಕೆಲ್ಲಿಗ್. ಕಾದಂಬರಿಯ ಹೆಸರೂ ಅದೇ. ಬರೆದವರು ಇಂಗ್ಲೆಂಡಿನ ಡೇವಿಡ್ ಆಲ್ಮಂಡ್. 1998ರಲ್ಲಿ ಹೊರಬಂದ ಈ ಪುಸ್ತಕಕ್ಕೆ ಕಾರ್ನೆಗಿ ಪದಕ ಬಂತು, ವಿಟ್‌ಬ್ರೆಡ್ ಮಕ್ಕಳ ಪುಸ್ತಕ ಪ್ರಶಸ್ತಿಯೂ ಬಂತು. 2010ರಲ್ಲಿ ಆಲ್ಮಂಡ್ ಅವರ ಒಟ್ಟು ಬರವಣಿಗೆಗೆ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಸಂದಿತು. ಪ್ರಶಸ್ತಿಗಳ ಮಾತು ಅಷ್ಟು ಸಾಕು.

ಮೈಕಲ್ ಎಂಬ ಹುಡುಗನ ಮನೆಯವರು ಫಾಲ್ಕನರ್ ರಸ್ತೆಯ ಹಳೇ ಮನೆಯೊಂದಕ್ಕೆ ಬಂದಿದ್ದಾರೆ. ಅಲ್ಲಿದ್ದ ಅರ್ನಿ ಮೈಯರ್ಸ್ ಎಂಬ ಮುದುಕ ಒಬ್ಬಂಟಿಯಾಗಿ ಸತ್ತು, ಹೆಚ್ಚುಕಡಿಮೆ ಒಂದು ವಾರ ಯಾರಿಗೂ ಗೊತ್ತಾಗಿರಲಿಲ್ಲ. ಈ ಸಂಗತಿ ಪುಸ್ತಕದ ಮೊದಲ ಪುಟಗಳಲ್ಲೇ ಬಂದುಹೋಗುತ್ತದೆ. ಓದುವಾಗ ಅಷ್ಟಾಗಿ ಲಕ್ಷ್ಯಕ್ಕೆ ಬಾರದಿದ್ದರೂ ಮುಂದಿನ ಕಥೆಗೆಲ್ಲ ಅದೇ ಬುನಾದಿ. ಈ ಬೀದಿಯಲ್ಲಿ ಒಬ್ಬ ಮನುಷ್ಯ ಯಾರ ಕಣ್ಣಿಗೂ ಬೀಳದೆ ಬದುಕಬಹುದು, ಸಾಯಲೂಬಹುದು. ಅಂಥ ಜಾಗದಲ್ಲಿ ರೆಕ್ಕೆಯಿರುವ ಒಬ್ಬಾತ ಅಡಗಿದ್ದರೆ ಯಾರಿಗೆ ತಿಳಿಯಬೇಕು?

ಮೈಕಲ್‌ಗೆ ಆಗಷ್ಟೇ ತಂಗಿ ಹುಟ್ಟಿದ್ದಾಳೆ. ತಿಂಗಳು ತುಂಬದೆ ಹುಟ್ಟಿದ ಮಗು, ಹೃದಯದ ತೊಂದರೆ, ಬದುಕುತ್ತದೋ ಇಲ್ಲವೋ ಗೊತ್ತಿಲ್ಲ. ಅಪ್ಪ ಅಮ್ಮನ ಜೀವವೆಲ್ಲ ಅದರ ಮೇಲೆ. ಮಗುವಿಗೆ ಇನ್ನೂ ಹೆಸರಿಟ್ಟಿಲ್ಲ. ಹೊಸ ಮನೆಗೆ ಬಂದ ಮರುದಿನ, ಒಂದು ಭಾನುವಾರ, ಈ ಹುಡುಗ ಹಿತ್ತಲಿನ ಮುರುಕು ಗ್ಯಾರೇಜಿಗೆ ನುಗ್ಗುತ್ತಾನೆ. ಬಿದ್ದುಹೋಗುವಂತಿದೆ, ಒಳಗೆ ಕಾಲಿಡಬೇಡ ಎಂದು ಅಪ್ಪ ಅಮ್ಮ ಗದರಿಸಿದ ಜಾಗ ಅದು. ಹಳೆಯ ಪೆಟ್ಟಿಗೆಗಳ ಹಿಂದೆ, ಗೋಡೆಗೊರಗಿ, ಕರಿ ಕೋಟಿನ ಒಬ್ಬಾತ ಕುಳಿತಿದ್ದಾನೆ. ಸತ್ತಿದ್ದಾನೆಂದೇ ಹುಡುಗ ಭಾವಿಸುತ್ತಾನೆ. ಸತ್ತಿಲ್ಲ. ಮಾತಾಡುತ್ತಾನೆ, ಆಸ್ಪಿರಿನ್ ಕೇಳುತ್ತಾನೆ. ಆಮೇಲೆ ಕೇಳುವುದು 27 ಮತ್ತು 53.

ಇದೇನು ಲೆಕ್ಕ ಎನ್ನುವಿರಿ. ಚೀನೀ ಹೋಟೆಲಿನ ತಿಂಡಿಪಟ್ಟಿಯ ನಂಬರುಗಳು. ಸತ್ತುಹೋದ ಅರ್ನಿ ಮುದುಕ ದಿನಾ ತರಿಸಿಕೊಳ್ಳುತ್ತಿದ್ದ ತಿಂಡಿ ಅದು. ಅವನು ಉಳಿಸಿದ್ದು ಈತನ ಪಾಲಿಗೆ ಬರುತ್ತಿತ್ತು. ಹೊಸ ಮನೆಯಲ್ಲಿ ಅಡುಗೆಗೆ ಯಾರಿಗೂ ಪುರುಸೊತ್ತಿಲ್ಲದ್ದರಿಂದ ಮೈಕಲ್‌ನ ಅಪ್ಪನೂ ಆ ಹೋಟೆಲಿನಿಂದಲೇ ತರಿಸುತ್ತಾನೆ. ಜೊತೆಗೆ ಕಂದು ಬಣ್ಣದ ಬಿಯರು. ದೇವಲೋಕದಿಂದ ಬಂದವನಿಗೆ ಅಮೃತವೆಂದರೆ ಇದು! ಆಲ್ಮಂಡ್ ಎಷ್ಟು ಜಾಣರೆಂದರೆ, ಪುಸ್ತಕದ ಅತ್ಯಂತ ವಿಸ್ಮಯದ ಜೀವಿಯನ್ನು ಅತ್ಯಂತ ಹಗುರವಾದ ಮಾತುಗಳಲ್ಲಿ ಕಟ್ಟಿದ್ದಾರೆ. ಯಾವ ಮಗುವೂ ಇವನಿಗೆ ಹೆದರಿ ಕೈಮುಗಿಯುವುದಿಲ್ಲ. ಅಯ್ಯೋ ಪಾಪ, ಇವನಿಗೆ ಏನಾದರೂ ತಿನ್ನಲು ತಂದುಕೊಡಬೇಕಲ್ಲ ಎಂದೇ ಮೊದಲು ಅನಿಸುತ್ತದೆ.

ಮಕ್ಕಳು ಒಂದು ಅದ್ಭುತ ಜೀವಿಯನ್ನು ಕಾಪಾಡುವ ಕಥೆಗಳು ನಮಗೆ ಹೊಸವಲ್ಲ. 1982ರ 'ಇ.ಟಿ.' ಚಿತ್ರದಲ್ಲಿ ಬೇರೆ ಲೋಕದ ಪ್ರಾಣಿಯನ್ನು ಬುಟ್ಟಿಯಲ್ಲಿಟ್ಟುಕೊಂಡ ಹುಡುಗನ ಸೈಕಲ್ಲು ಆಕಾಶಕ್ಕೇರುವುದು ನೆನಪಿರಬಹುದು. ಹ್ಯಾರಿ ಪಾಟರ್ ಸರಣಿಯ ಮೂರನೆಯ ಪುಸ್ತಕದಲ್ಲಿ ಮರಣದಂಡನೆಗೆ ಗುರಿಯಾದ ಬಕ್‌ಬೀಕ್ ಎಂಬ ರೆಕ್ಕೆಯ ಪ್ರಾಣಿಯನ್ನು ಮಕ್ಕಳು ಕೊಡಲಿಯ ಬಾಯಿಂದ ತಪ್ಪಿಸುತ್ತಾರೆ. ಇವೆಲ್ಲದರಲ್ಲೂ ಒಬ್ಬ ಶತ್ರು ಇರುತ್ತಾನೆ, ಅವನಿಂದ ತಪ್ಪಿಸಿಕೊಳ್ಳುವ ಓಟ ಇರುತ್ತದೆ. 'ಸ್ಕೆಲ್ಲಿಗ್'ನಲ್ಲಿ ಶತ್ರುವೇ ಇಲ್ಲ. ಗ್ಯಾರೇಜು ಕುಸಿಯಬಹುದು, ರೋಗ ಉಲ್ಬಣಿಸಬಹುದು, ಯಾರೂ ತಿರುಗಿ ನೋಡದೆ ಅವನು ಅಲ್ಲೇ ಒಣಗಿಹೋಗಬಹುದು. ಅಪಾಯವೆಂದರೆ ಇಷ್ಟೇ. ಆದ್ದರಿಂದ ಇಲ್ಲಿ ಕಾಪಾಡುವುದೆಂದರೆ ಮೂರು ಕೆಲಸ: ಹೊಟ್ಟೆಗೆ ಹಾಕುವುದು, ಬಚ್ಚಿಡುವುದು, ನೀನು ಯಾರು ಎಂದು ಪೀಡಿಸದಿರುವುದು. ಮೂರನೆಯದೇ ಕಷ್ಟ. ಮೈಕಲ್ ಒಮ್ಮೆ ಕೇಳಿಯೇ ಬಿಡುತ್ತಾನೆ. ಉತ್ತರ ಬರುತ್ತದೆ, ಆದರೆ ಆ ಉತ್ತರದಿಂದ ಏನೂ ಇತ್ಯರ್ಥವಾಗುವುದಿಲ್ಲ.

ಈ ಕೆಲಸಕ್ಕೆ ಅವನಿಗೆ ಜೊತೆಗಾತಿ ಸಿಗುತ್ತಾಳೆ. ಅವಳು ಮೀನಾ. ಅದೇ ಬೀದಿಯ ಹುಡುಗಿ. ಮರದ ಕೊಂಬೆಯ ಮೇಲೆ ಕುಳಿತು ಹಕ್ಕಿಗಳ ಚಿತ್ರ ಬರೆಯುತ್ತಾಳೆ. ಶಾಲೆಗೆ ಹೋಗುವುದಿಲ್ಲ, ತಾಯಿಯೇ ಮನೆಯಲ್ಲಿ ಕಲಿಸುತ್ತಾಳೆ. ಮೈಕಲ್‌ನ ಫುಟ್‌ಬಾಲ್ ಗೆಳೆಯರಾದ ಲೀಕಿ ಮತ್ತು ಕೂಟ್ ಅವಳನ್ನು ಮರದ ಮೇಲಿನ ಕೋತಿಯೆಂದು ಗೇಲಿ ಮಾಡುತ್ತಾರೆ. ಅವಳೇನು ಕಮ್ಮಿಯಲ್ಲ, ತಿರುಗಿ ಅವರನ್ನು ಜಾಡಿಸುತ್ತಾಳೆ. ನನಗೆ ಮೊದಮೊದಲು ಈ ಹುಡುಗಿ ತುಸು ಹೆಚ್ಚೇ ಬುದ್ಧಿವಂತೆ ಅನಿಸಿದ್ದುಂಟು. ಮಾತೆತ್ತಿದರೆ ವಿಲಿಯಂ ಬ್ಲೇಕ್ ಕವಿಯ ಸಾಲುಗಳು. ಎದುರಿಗಿದ್ದವನಿಗೆ ಗೊತ್ತಿಲ್ಲವೆಂದರೆ ಒಂದು ನಿಟ್ಟುಸಿರು. ಆದರೆ ಅವಳಿಗೆ ಬ್ಲೇಕ್ ಯಾಕೆ ಬೇಕು ಎನ್ನುವುದು ಮುಖ್ಯ. ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಹುಟ್ಟಿದ ಬ್ಲೇಕ್ ಹೆಚ್ಚು ಶಾಲೆಗೆ ಹೋದವನಲ್ಲ, ಮನೆಯಲ್ಲೇ ಓದಿಕೊಂಡವನು. ಹುಡುಗನಾಗಿದ್ದಾಗ ಪೆಕಮ್ ರೈ ಎಂಬಲ್ಲಿ ಮರದ ತುಂಬ ದೇವದೂತರನ್ನು ಕಂಡೆನೆಂದು ಮನೆಗೆ ಬಂದು ಹೇಳಿ, ಸುಳ್ಳು ಹೇಳುತ್ತಾನೆಂದು ಅಪ್ಪನ ಕೈಯಲ್ಲಿ ಹೊಡೆತ ತಿನ್ನುವುದರಲ್ಲಿದ್ದನೆಂದು ಅವನ ಜೀವನಚರಿತ್ರೆ ಹೇಳುತ್ತದೆ. ಕಂಡದ್ದನ್ನು ಯಾರ ಮುಂದೆ ಹೇಳಬೇಕು, ಯಾರ ಮುಂದೆ ಹೇಳಬಾರದು ಎಂಬ ಪಾಠ ಮೀನಾಳಿಗೆ ಅಲ್ಲಿಂದ ಸಿಕ್ಕಿದೆ. ಮೈಕಲ್ ತನ್ನ ಗುಟ್ಟನ್ನು ಅವಳಿಗೆ ಹೇಳುತ್ತಾನೆ, ಗೆಳೆಯರಿಗೆ ಹೇಳುವುದಿಲ್ಲ.

ಮೈಕಲ್, ಮೀನಾ ಇಬ್ಬರೂ ಒಂದು ಬಗೆಯಲ್ಲಿ ಹೊರಗಿನವರು. ಹೊರಗಿನವರು ಎಂದಾಗ ನಮಗೆ ನೆನಪಾಗುವುದು ಊರು ಬಿಟ್ಟು ಬಂದವರು, ಜಾತಿಯಿಂದಲೋ ಬಡತನದಿಂದಲೋ ದೂರವಿಟ್ಟವರು. ಈ ಮಕ್ಕಳು ಆ ಅರ್ಥದ ಹೊರಗಿನವರಲ್ಲ. ಮೈಕಲ್‌ನ ಮನೆಯಲ್ಲಿ ಪ್ರೀತಿಗೆ ಬರವಿಲ್ಲ, ಆದರೆ ಪ್ರೀತಿಸುವವರ ಕಣ್ಣು ಬೇರೆಡೆ ಇದೆ. ಮೀನಾ ಶಾಲೆಯೆಂಬ ಆವರಣದ ಆಚೆ ಇದ್ದಾಳೆ. ಇಬ್ಬರ ಮೇಲೂ ಯಾರೂ ನಿಗಾ ಇಟ್ಟಿಲ್ಲ. ಆದ್ದರಿಂದಲೇ ಅವರು ನಸುಕಿಗೆ ಮುಂಚೆ ಎದ್ದು, ಹೂವಿನಷ್ಟು ಹಗುರವಾದ ಆ ಮುದಿ ಮೈಯನ್ನು ಎತ್ತಿಕೊಂಡು, ಕ್ರೋ ರಸ್ತೆಯ ಪಾಳುಮನೆಗೆ ಸಾಗಿಸಬಲ್ಲರು. ಆ ಮನೆ ಮೀನಾಳ ಅಜ್ಜನದು. ಮೇಲಿನ ಅಟ್ಟದಲ್ಲಿ ಗೂಬೆಗಳ ಸಂಸಾರ. ಅಲ್ಲಿ ಅವನ ಕೋಟು ಬಿಚ್ಚಿದಾಗ ರೆಕ್ಕೆಗಳು ಹೊರಬರುತ್ತವೆ: ಮುದುರಿದ, ಗರಿ ಮುರಿದ, ಎಷ್ಟೋ ಕಾಲದಿಂದ ಬಿಚ್ಚದೇ ಇದ್ದ ರೆಕ್ಕೆಗಳು.

ಈ ಗೂಬೆಗಳ ಬಗ್ಗೆ ಒಂದು ಮಾತು. ಗೂಬೆ ಕೂಗಿದರೆ ಕೆಟ್ಟದ್ದೆನ್ನುವ, ಮನೆಯೊಳಗೆ ಬಂದರೆ ಶಾಂತಿ ಮಾಡಿಸುವ ಊರುಗಳಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಇಲ್ಲಿ ಆಶ್ಚರ್ಯ ಕಾದಿದೆ. ಸ್ಕೆಲ್ಲಿಗ್‌ನನ್ನು ಮೊದಲು ತಮ್ಮವನೆಂದು ಒಪ್ಪಿಕೊಳ್ಳುವುದು ಗೂಬೆಗಳು. ಕಿಟಕಿಯಿಂದ ಹಾರಿಬಂದು, ತಮ್ಮ ಮರಿಗಳಿಗೆ ಕೊಡುವಂತೆಯೇ ಇಲಿ ಹಿಡಿದು ತಂದು ಅವನಿಗೂ ಕೊಡುತ್ತವೆ. ಗೂಬೆ ತಿಂದದ್ದರಲ್ಲಿ ಅರಗದ ಮೂಳೆ, ಕೂದಲುಗಳನ್ನು ಉಂಡೆ ಕಟ್ಟಿ ಉಗುಳುತ್ತದೆಂದು ಮೀನಾ ತೋರಿಸಿಕೊಟ್ಟ ಮೇಲೆ, ಗ್ಯಾರೇಜಿನ ನೆಲದಲ್ಲಿ ತಾನು ಕಂಡಿದ್ದ ಅಂಥವೇ ಉಂಡೆಗಳು ಏನೆಂದು ಮೈಕಲ್‌ಗೆ ಹೊಳೆಯುತ್ತದೆ. ರೆಕ್ಕೆಯಿದ್ದ ಡೈನೋಸಾರಿನಂಥ ಆರ್ಕಿಯಾಪ್ಟೆರಿಕ್ಸ್, ಹಕ್ಕಿಗಳ ಮೂಳೆಯೊಳಗಿನ ಗಾಳಿಗೂಡು, ವಿಕಾಸವಾದ, ಎಲ್ಲವೂ ಇಲ್ಲಿ ಪಾಠವಾಗಿ ಬರುತ್ತವೆ. ಆದರೆ ಯಾವ ಪಾಠವೂ ಆ ಜೀವಿಯನ್ನು ಪೂರ್ತಿ ವಿವರಿಸಿ ಮುಗಿಸುವುದಿಲ್ಲ. ವಿಜ್ಞಾನವನ್ನು ಹಂಗಿಸದೆ ವಿಸ್ಮಯವನ್ನು ಉಳಿಸಿಕೊಳ್ಳುವುದು ಸುಲಭದ ಕೆಲಸವಲ್ಲ. ಆಲ್ಮಂಡ್ ಅದನ್ನು ಆಯಾಸವಿಲ್ಲದೆ ಮಾಡಿದ್ದಾರೆ.

ಗೇಬ್ರಿಯಲ್ ಗಾರ್ಸಿಯಾ ಮಾರ್ಕೆಸ್ 1968ರಲ್ಲಿ ಬರೆದ ಒಂದು ಕಥೆ ನಿಮಗೆ ಗೊತ್ತಿರಬಹುದು: ದೊಡ್ಡ ರೆಕ್ಕೆಗಳ ಹಣ್ಣುಮುದುಕನೊಬ್ಬನದು. ಮಕ್ಕಳಿಗಾಗಿ ಎಂದು ಲೇಖಕರೇ ಅದಕ್ಕೆ ಉಪಶೀರ್ಷಿಕೆ ಕೊಟ್ಟಿದ್ದಾರೆ. ದಿನಗಟ್ಟಲೆ ಮಳೆ ಸುರಿದು ಏಡಿಗಳು ಮನೆಯೊಳಗೆ ತುಂಬಿಕೊಂಡ ಒಂದು ಕಡಲತೀರದ ಊರು. ಪೆಲಾಯೋ, ಎಲಿಸೆಂಡಾ ದಂಪತಿಯ ಅಂಗಳದ ಕೆಸರಲ್ಲಿ ರೆಕ್ಕೆಯ ಮುದುಕ ಬಿದ್ದಿರುತ್ತಾನೆ. ಅವರ ಮಗುವಿಗೆ ಜ್ವರ. ಮುದುಕ ಬಂದ ಮೇಲೆ ಜ್ವರ ಬಿಡುತ್ತದೆ. ಅವರೋ ಅವನನ್ನು ಕೋಳಿಗೂಡಿಗೆ ತಳ್ಳಿ, ಊರವರು ನೋಡಲು ಮುಗಿಬಿದ್ದಾಗ ತಲೆಗೆ ಐದು ಸೆಂಟಿನಂತೆ ಟಿಕೀಟು ಇಡುತ್ತಾರೆ. ಪಾದ್ರಿ ಬಂದು ಲ್ಯಾಟಿನ್ನಿನಲ್ಲಿ ಮಾತಾಡಿಸಿ ಪರೀಕ್ಷಿಸುತ್ತಾನೆ; ದೇವರ ಭಾಷೆ ಬಾರದವನು ದೇವದೂತನಾಗುವುದು ಹೇಗೆ? ಬಂದ ಹಣದಲ್ಲಿ ಗಂಡ ಹೆಂಡತಿ ಮಹಡಿಮನೆ ಕಟ್ಟಿಸುತ್ತಾರೆ. ಜೇಡವಾಗಿ ಮಾರ್ಪಟ್ಟ ಹೆಣ್ಣೊಬ್ಬಳು ಊರಿಗೆ ಬಂದಾಗ ಜನ ಇವನನ್ನು ಬಿಟ್ಟು ಅವಳನ್ನು ನೋಡಲು ಓಡುತ್ತಾರೆ.

ಎರಡೂ ಕಥೆಗಳಲ್ಲಿ ಮುದಿ ಮೈ, ಕೊಳಕು ರೆಕ್ಕೆ, ಕಾಯಿಲೆಯ ಮಗು. ಇವನ್ನು ಜೊತೆಯಲ್ಲಿಟ್ಟು ಓದಿದ ವಿಮರ್ಶಕರು ಬಹಳ ಜನ. ನನಗೆ ಕಾಣುವ ವ್ಯತ್ಯಾಸ ಒಂದೇ. ಮಾರ್ಕೆಸ್ ಅವರ ಊರಿನವರು ಸಿಕ್ಕಿದ್ದನ್ನು ತೋರಿಸಿದರು. ಆಲ್ಮಂಡ್ ಅವರ ಮಕ್ಕಳು ಮುಚ್ಚಿಟ್ಟರು. ಒಂದು ಕಡೆ ದೊಡ್ಡವರು, ಇನ್ನೊಂದು ಕಡೆ ಚಿಕ್ಕವರು ಎಂಬುದಷ್ಟೇ ಇದಕ್ಕೆ ಕಾರಣವಲ್ಲ. ಪೆಲಾಯೋ ಮತ್ತು ಎಲಿಸೆಂಡಾ ಊರ ಒಳಗಿನವರು, ನಾಲ್ಕು ಜನರ ನಡುವೆ ಬಾಳಬೇಕಾದವರು. ಅವರಿಗೆ ನೆರೆಯವರ ಬಾಯಿ, ಪಾದ್ರಿಯ ಅಪ್ಪಣೆ, ಸಂತೆಯ ಲಾಭ ಎಲ್ಲ ಲೆಕ್ಕಕ್ಕೆ ಬರುತ್ತವೆ. ಮೈಕಲ್ ಮೀನಾರಿಗೆ ತೋರಿಸಿ ಮೆಚ್ಚಿಸಬೇಕಾದ ಜನವೇ ಇಲ್ಲ.

ಇದನ್ನು ಹೇಳುವಾಗ ನಮ್ಮದೇ ಜನಪದ ಕಥೆಯೊಂದನ್ನು ಬಿಡಲಾಗದು. ಎ.ಕೆ. ರಾಮಾನುಜನ್ ಸಂಗ್ರಹಿಸಿ ಜಗತ್ತಿಗೆ ಪರಿಚಯಿಸಿದ, 1992ರಲ್ಲಿ ಗಿರೀಶ ಕಾರ್ನಾಡರು 'ಚೆಲುವಿ' ಎಂದು ಚಿತ್ರ ಮಾಡಿದ, ಹೂವಿನ ಮರವಾಗುವ ಹುಡುಗಿಯ ಕಥೆ. ಮೈಮೇಲೆ ನೀರು ಸುರಿದರೆ ಮರವಾಗುತ್ತಾಳೆ, ಮತ್ತೆ ನೀರು ಸುರಿದರೆ ಹುಡುಗಿ. ಅಕ್ಕ ನೀರು ಹಾಕುವಷ್ಟು ದಿನ ಅವಳಿಗೆ ಏನೂ ಆಗುವುದಿಲ್ಲ. ಒಂದು ಚಿಗುರೂ ಮುರಿಯದಂತೆ ಅಕ್ಕ ಹೂ ಬಿಡಿಸುತ್ತಾಳೆ. ಅರಮನೆ ಸೇರಿದ ಮೇಲೆ ತೋರಿಸು ತೋರಿಸು ಎಂಬ ಹಟ ಶುರುವಾಗುತ್ತದೆ. ಮೊದಲು ಗಂಡನ ಹಟ, ಆಮೇಲೆ ನಾದಿನಿಯದು. ನಾದಿನಿಯ ಗೆಳತಿಯರು ತೋಟದಲ್ಲಿ ಅವಳ ಕೊಂಬೆರೆಂಬೆ ಮುರಿದು, ನೀರನ್ನೂ ಸರಿಯಾಗಿ ಸುರಿಯದೆ ಓಡಿಹೋಗುತ್ತಾರೆ. ಅವಳು ಕೈಕಾಲಿಲ್ಲದ ಮುದ್ದೆಯಾಗಿ ಚರಂಡಿಗೆ ಬೀಳುತ್ತಾಳೆ. ಇಂಗ್ಲೆಂಡಿನ ಕಾದಂಬರಿಗೂ ಈ ಕಥೆಗೂ ನಂಟೇನೂ ಇಲ್ಲ. ಆದರೂ 'ಸ್ಕೆಲ್ಲಿಗ್' ಓದಿದ ಕನ್ನಡಿಗರಿಗೆ ಆ ಅಕ್ಕನ ಕೈ ನೆನಪಾಗದೆ ಇರದು.

ಈಗ ಒಂದು ಆಕ್ಷೇಪ. ಇದನ್ನು ಓದುವ ಇಂದಿನ ತಾಯಿತಂದೆಯರಿಗೆ ಎದೆ ಝಲ್ಲೆನ್ನಬಹುದು. ಗ್ಯಾರೇಜಿನಲ್ಲಿ ಅಡಗಿರುವ ಅಪರಿಚಿತ ಗಂಡಸು, ಅವನಿಗೆ ಮನೆಯವರಿಗೆ ಹೇಳದೆ ಊಟ ಒಯ್ಯುವ ಮಗು! ಅಪರಿಚಿತರ ಹತ್ತಿರ ಹೋಗಬೇಡ, ಗುಟ್ಟು ಮಾಡೆಂದು ಯಾರಾದರೂ ಹೇಳಿದರೆ ಮೊದಲು ನಮಗೆ ಹೇಳು ಎಂದು ನಾವೇ ಕಲಿಸುತ್ತೇವೆ, ಕಲಿಸಲೇಬೇಕು. ಈ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಕಥೆಯಲ್ಲಿ ಒಂದು ಸೂಕ್ಷ್ಮವಿದೆ. ಗುಟ್ಟು ಮಾಡೆಂದು ಹುಡುಗನನ್ನು ಯಾರೂ ಬಲವಂತಪಡಿಸುವುದಿಲ್ಲ. ಸ್ಕೆಲ್ಲಿಗ್‌ಗೆ ಹುಡುಗನೇ ಬೇಕಿಲ್ಲ; ನನ್ನ ಪಾಡಿಗೆ ಬಿಡು ಎಂದು ಗೊಣಗುತ್ತಿರುತ್ತಾನೆ. ಹಟ ಹಿಡಿದು ಹೋಗುವವನು ಮೈಕಲ್. ಮಕ್ಕಳಿಗೆ ಈ ಪುಸ್ತಕ ಕೊಡುವ ಮುಂಚೆ ದೊಡ್ಡವರೂ ಓದಿಕೊಂಡು, ಇದರ ಬಗ್ಗೆ ನಾಲ್ಕು ಮಾತಾಡಿದರೆ ಒಳ್ಳೆಯದು. ಹೆದರಿ ಪುಸ್ತಕವನ್ನೇ ಕಪಾಟಿಗೆ ಸೇರಿಸಬೇಕಾಗಿಲ್ಲ.

ಗ್ಯಾರೇಜಿಗೆ ಹೋಗಲು ಹುಡುಗನಿಗೆ ಹಟ ಏಕೆ? ಆಸ್ಪತ್ರೆಯಲ್ಲಿರುವ ತಂಗಿಗೆ ಅವನು ಏನೂ ಮಾಡುವಂತಿಲ್ಲ. ಗಾಜಿನ ಪೆಟ್ಟಿಗೆ, ನಳಿಗೆಗಳು, ವೈದ್ಯರು. ಅವನ ಕೈಗೆ ಕೆಲಸವಿಲ್ಲ. ಮನೆಯಲ್ಲಿ ಮಲಗಿ ತನ್ನ ಎದೆಬಡಿತದ ಜೊತೆಗೆ ಆ ಮಗುವಿನ ಎದೆಬಡಿತವೂ ಕೇಳುತ್ತದೋ ಎಂದು ಕಿವಿಗೊಡುತ್ತಾನೆ. ಗ್ಯಾರೇಜಿನ ಮುದುಕನ ವಿಷಯದಲ್ಲಾದರೆ ಕೈಗೆ ಕೆಲಸ ಇದೆ. ತಂಗಿಯನ್ನು ನೋಡಲು ಆಸ್ಪತ್ರೆಗೆ ಹೋದವನು ಸಂಧಿವಾತಕ್ಕೆ ಏನು ಔಷಧ ಎಂದು ವಿಚಾರಿಸುತ್ತಾನೆ, ಕಾಡ್ ಮೀನಿನ ಎಣ್ಣೆಯ ಗುಳಿಗೆ ಎಂದು ತಿಳಿದು ಅದನ್ನು ತಂದು ನುಂಗಿಸುತ್ತಾನೆ. ಹೆಗಲ ಹಿಂದಿನ ಮೂಳೆಗಳೇಕಿವೆ ಎಂದು ಅಮ್ಮನನ್ನು ಕೇಳಿದರೆ, ಅದು ಒಂದು ಕಾಲದಲ್ಲಿ ರೆಕ್ಕೆಗಳಿದ್ದ ಜಾಗವಂತೆ ಎನ್ನುತ್ತಾಳೆ.

ಕಾಪಾಡುವವರು ಯಾರು, ಕಾಪಾಡಿಸಿಕೊಳ್ಳುವವರು ಯಾರು ಎಂಬುದು ಮುಂದೆ ಅದಲುಬದಲಾಗುತ್ತದೆ. ಮಗುವಿಗೆ ಹೃದಯದ ಶಸ್ತ್ರಚಿಕಿತ್ಸೆ. ಆಸ್ಪತ್ರೆಯಲ್ಲಿ ಮಗುವಿನ ಪಕ್ಕದಲ್ಲಿದ್ದ ಅಮ್ಮ ರಾತ್ರಿ ಒಂದು ವಿಚಿತ್ರ ಕಾಣುತ್ತಾಳೆ: ಕರಿಬಟ್ಟೆಯ, ಕೊಳಕು ಮೈಯ ಒಬ್ಬಾತ ಬಂದು ಮಗುವನ್ನೆತ್ತಿಕೊಂಡು ಗಿರಗಿರನೆ ಸುತ್ತಿದ. ಕನಸೋ ನನಸೋ ಅವಳಿಗೆ ತಿಳಿಯದು. ಓದುಗರಿಗೆ ತಿಳಿಯುತ್ತದೆ. ಹಾಗಿದ್ದರೆ ಮಗು ಬದುಕಿದ್ದು ಶಸ್ತ್ರವೈದ್ಯರಿಂದಲೋ, ರೆಕ್ಕೆಯವನಿಂದಲೋ? ಒಬ್ಬರ ಕೀರ್ತಿಯನ್ನು ಕಿತ್ತು ಇನ್ನೊಬ್ಬರಿಗೆ ಕೊಡುವ ತಪ್ಪನ್ನು ಆಲ್ಮಂಡ್ ಮಾಡುವುದಿಲ್ಲ. ಮಗು ಮನೆಗೆ ಬರುತ್ತದೆ, ಜಾಯ್ ಎಂದು ಹೆಸರಿಡುತ್ತಾರೆ. ಸ್ಕೆಲ್ಲಿಗ್ ಹೊರಟುಹೋಗುತ್ತಾನೆ.

ಈ ವಿವರಗಳು ಎಲ್ಲಿಂದ ಬಂದವು ಎನ್ನಲು ಲೇಖಕರ ಬಾಲ್ಯವನ್ನು ನೋಡಿದರೆ ಸಾಕು. ಆಲ್ಮಂಡ್ ಹುಟ್ಟಿದ್ದು 1951ರಲ್ಲಿ, ಬೆಳೆದದ್ದು ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ, ಟೈನ್ ನದಿಯ ದಂಡೆಯ ಫೆಲ್ಲಿಂಗ್ ಎಂಬ ಊರಲ್ಲಿ. ದೊಡ್ಡ ಕ್ಯಾಥೊಲಿಕ್ ಕುಟುಂಬ. ಅವರು ಚಿಕ್ಕವರಿದ್ದಾಗಲೇ ಕೂಸಾಗಿದ್ದ ತಂಗಿಯೊಬ್ಬಳು ತೀರಿಕೊಂಡಳು. ತಾಯಿಗೆ ತೀವ್ರ ಸಂಧಿವಾತ. ಹರೆಯದಲ್ಲೇ ತಂದೆಯನ್ನೂ ಕಳೆದುಕೊಂಡರು. ಮುಂದೆ ಶಾಲಾಮಾಸ್ತರರಾದರು, ಒಂದು ಸಣ್ಣ ಸಾಹಿತ್ಯ ಪತ್ರಿಕೆಯನ್ನು ಸಂಪಾದಿಸಿದರು, ವರ್ಷಾನುಗಟ್ಟಲೆ ದೊಡ್ಡವರಿಗಾಗಿ ಸಣ್ಣಕಥೆಗಳನ್ನು ಬರೆದರು. ಓದಿದವರು ಕೆಲವೇ ಮಂದಿ. ತಮ್ಮ ಬಾಲ್ಯದ ಕಥೆಗಳ ಹಸ್ತಪ್ರತಿಯನ್ನು ಅಂಚೆಗೆ ಹಾಕಿ ನಡೆದುಬರುವಾಗ 'ಸ್ಕೆಲ್ಲಿಗ್' ತನ್ನಷ್ಟಕ್ಕೆ ಶುರುವಾಯಿತೆಂದು ಅವರು ಹೇಳಿಕೊಂಡಿದ್ದಾರೆ. ನಲವತ್ತೇಳರ ವಯಸ್ಸಿನಲ್ಲಿ ಮೊದಲ ಮಕ್ಕಳ ಪುಸ್ತಕ! ಬದುಕಿನಲ್ಲಿ ಉಳಿಯದ ತಂಗಿ ಕಥೆಯಲ್ಲಿ ಉಳಿದಳು. ತಾಯಿಯ ನೋವು ರೆಕ್ಕೆಯವನ ಕೀಲುಗಳಿಗೆ ಹೋಯಿತು. ಹೆಸರನ್ನು ಮಾತ್ರ ಐರ್ಲೆಂಡಿನ ಕೆರ್ರಿ ಕರಾವಳಿಯಾಚೆಯ ಸ್ಕೆಲ್ಲಿಗ್ ದ್ವೀಪಗಳಿಂದ ಪಡೆದರು. ಅಲ್ಲಿನ ಕಡಿದಾದ ಬಂಡೆಯೊಂದರ ನೆತ್ತಿಯಲ್ಲಿ ಪ್ರಾಚೀನ ಸನ್ಯಾಸಿಗಳು ಕಲ್ಲಿನ ಗೂಡುಗಳನ್ನು ಕಟ್ಟಿಕೊಂಡು ಲೋಕದಿಂದ ದೂರ ಬಾಳುತ್ತಿದ್ದರು.

ಪುಸ್ತಕ ಗೆದ್ದ ಮೇಲೆ ರಂಗಕ್ಕೂ ಪರದೆಗೂ ಬಂದೇ ಬಂತು. 2003ರಲ್ಲಿ ಲಂಡನ್ನಿನ ಯಂಗ್ ವಿಕ್‌ನಲ್ಲಿ ಟ್ರೆವರ್ ನನ್ ನಾಟಕವಾಗಿ ಆಡಿಸಿದರು. 2008ರಲ್ಲಿ ಟಾಡ್ ಮಾಕೋವರ್ ಇದನ್ನು ಆಪೆರಾ ಮಾಡಿದರು. 2009ರ ಚಿತ್ರದಲ್ಲಿ ಟಿಮ್ ರಾತ್ ಸ್ಕೆಲ್ಲಿಗ್ ಆದರು. ನಟರು ಎಷ್ಟೇ ಸಮರ್ಥರಿದ್ದರೂ ನನಗೊಂದು ತಕರಾರಿದೆ. ಚಿತ್ರದಲ್ಲಿ ರೆಕ್ಕೆ ತೋರಿಸಲೇಬೇಕು. ತೋರಿಸಿದ ಕೂಡಲೇ ನೋಡುತ್ತಿರುವ ನಾವು ಐದು ಸೆಂಟಿನ ಟಿಕೀಟು ಕೊಂಡವರಾಗಿಬಿಡುತ್ತೇವೆ. ಪುಸ್ತಕದಲ್ಲಿ ಆ ರೆಕ್ಕೆಗಳನ್ನು ಮೊದಲು ಕೈ ತಡಕುತ್ತದೆ, ಕೋಟಿನ ಬಟ್ಟೆಯ ಅಡಿಯಲ್ಲಿ ಏನೋ ಇದೆ ಎಂದು ಬೆರಳಿಗೆ ತಿಳಿಯುತ್ತದೆ, ಕಣ್ಣಿಗೆ ಬೀಳುವುದು ಎಷ್ಟೋ ಆಮೇಲೆ. ಬಾನುಲಿಯಲ್ಲಿ ಮಾತಾಡುವ ನನಗೆ ಈ ವಿಷಯದಲ್ಲಿ ಸ್ವಲ್ಪ ಪಕ್ಷಪಾತ ಇದ್ದೀತು. ನಮ್ಮಲ್ಲಿ ಏನನ್ನೂ ತೋರಿಸಲಾಗದು ಎನ್ನುವುದು ಇಂಥ ಕಡೆ ಅನುಕೂಲವೇ.

ದೋಷಗಳಿಲ್ಲವೆ? ಇವೆ. ಶಾಲೆಯ ಬಗ್ಗೆ ಈ ಪುಸ್ತಕ ಸ್ವಲ್ಪ ಕಠಿಣವಾಗಿದೆ. ಮೇಷ್ಟರಿಗೆಲ್ಲ ರಾಸ್ಪುಟಿನ್‌ನಂಥ ಅಡ್ಡಹೆಸರು, ತರಗತಿಯಲ್ಲಿ ನಡೆಯುವುದೆಲ್ಲ ಬೇಸರದ ವ್ಯವಹಾರ, ಮನೆಯಲ್ಲಿ ಕಲಿಯುವ ಹುಡುಗಿಗೆ ಮಾತ್ರ ಕವಿತೆಯೂ ಹಕ್ಕಿಯೂ ಜೇಡಿಮಣ್ಣಿನ ಬೊಂಬೆಯೂ. ಕೆಲಸಕ್ಕೆ ಹೋಗಬೇಕಾದ ತಾಯಂದಿರಿಗೆ ಮೀನಾಳ ತಾಯಿಯಂತೆ ಮನೆಯಲ್ಲೇ ಕಲಿಸುವ ಭಾಗ್ಯ ಎಲ್ಲಿದೆ? ಸ್ವತಃ ಮಾಸ್ತರರಾಗಿದ್ದ ಆಲ್ಮಂಡ್ ಅವರಿಗೂ ಈ ಪ್ರಶ್ನೆ ಕಾಡಿತೋ ಏನೋ, 2010ರಲ್ಲಿ ಮೀನಾಳದೇ ಕಥೆಯನ್ನು ಅವಳ ದಿನಚರಿಯ ರೂಪದಲ್ಲಿ ಬರೆದರು. 'ಸ್ಕೆಲ್ಲಿಗ್' ಶುರುವಾಗುವುದಕ್ಕೆ ಮುಂಚಿನ ಸಂಗತಿಗಳು ಅದರಲ್ಲಿವೆ. ಪರೀಕ್ಷೆಯ ದಿನ ಅವಳು ಉತ್ತರಪತ್ರಿಕೆಯ ತುಂಬ ತಾನೇ ಹುಟ್ಟಿಸಿದ ಅರ್ಥವಿಲ್ಲದ ಶಬ್ದಗಳನ್ನು ಬರೆದು ರಾದ್ಧಾಂತವಾಗುತ್ತದೆ. ಎಲ್ಲೂ ಹೊಂದಿಕೊಳ್ಳದ ಮಕ್ಕಳಿಗಾಗಿ ಇರುವ ಕೊರಿಂಥಿಯನ್ ಅವೆನ್ಯೂ ಎಂಬ ಕಡೆ ಅವಳು ಒಂದು ದಿನ ಕಳೆಯುತ್ತಾಳೆ. ಅಲ್ಲಿನ ಮಕ್ಕಳನ್ನೂ ಶಿಕ್ಷಕರನ್ನೂ ಆಲ್ಮಂಡ್ ಬಹಳ ಮರ್ಯಾದೆಯಿಂದ ಚಿತ್ರಿಸಿದ್ದಾರೆ. ಮೊದಲ ಪುಸ್ತಕದ ಮೀನಾ ಎಲ್ಲ ಬಲ್ಲವಳು. ಇಲ್ಲಿಯ ಮೀನಾ ಹೆದರುತ್ತಾಳೆ, ತಂದೆಯಿಲ್ಲದ ಮನೆಯಲ್ಲಿ ಅಳುತ್ತಾಳೆ, ಗೆಳೆಯರು ಬೇಕೆನ್ನುತ್ತಾಳೆ, ಬೇಡವೆನ್ನುತ್ತಾಳೆ.

ಹತ್ತು ಹನ್ನೆರಡರ ವಯಸ್ಸಿನ, ಇಂಗ್ಲಿಷ್ ಓದಬಲ್ಲ ಮಕ್ಕಳಿಗೆ ಎರಡೂ ಪುಸ್ತಕಗಳು ದಕ್ಕುತ್ತವೆ. ಭಾಷೆ ಸರಳ, ಅಧ್ಯಾಯಗಳು ಪುಟ್ಟವು. ಓದಿ ಹೇಳುವುದಾದರೆ ರಾತ್ರಿಗೆ ಎರಡು ಮೂರು ಅಧ್ಯಾಯ ಮುಗಿಯುತ್ತವೆ. ಮೊದಲು 'ಸ್ಕೆಲ್ಲಿಗ್', ಆಮೇಲೆ ಮೀನಾಳ ದಿನಚರಿ. ಅನುಕ್ರಮ ತಿರುಗಿಸಿ ಓದಿದರೂ ನಷ್ಟವೇನಿಲ್ಲ. ದಿನಚರಿ ಮುಗಿಯುವಷ್ಟರಲ್ಲಿ ಬೀದಿಗೆ ಹೊಸ ಮನೆಯವರು ಬಂದಿರುತ್ತಾರೆ, ಆ ಮನೆಯ ಹುಡುಗನನ್ನು ಮಾತಾಡಿಸಬೇಕೆಂದು ಮೀನಾ ಮರದಿಂದ ಇಳಿಯುತ್ತಾಳೆ.